ಸರ್ಜನ್ ವಿಷಯ ಆಮೇಲೆ, ಮೊದಲು ಆ ರಕ್ತದ ಬಾಟಲಿ ವಿಷಯ

ನಿಮ್ಮ ಪ್ರಶ್ನೆ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಹೆಂಡತಿಯ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) 6 ದಾಟಿದೆ, ಇಬ್ಬರು ಮಕ್ಕಳಿದ್ದಾರೆ, ನೀವೇ ಕಿಡ್ನಿ ಕೊಡಲು ತಯಾರಿದ್ದೀರಿ, ವಿರಾಜಪೇಟೆಯಿಂದ ಎಲ್ಲಿಗೆ ಹೋಗಬೇಕು, ಕಸಿ ಮಾಡುವುದರಲ್ಲಿ ಎಲ್ಲರಿಗಿಂತ ದೊಡ್ಡ ಸರ್ಜನ್ ಯಾರು ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಇದೆ: ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ, ಈ ವಾರ ಇಲ್ಲೇ ಎರಡು ಬಾಟಲಿ ರಕ್ತ ಹಾಕಿಸುತ್ತೇವೆ. ನಾನು ಬರೆಯುತ್ತಿರುವುದು ಆ ಸಾಲಿಗಾಗಿ.

ಸುಂಟಿಕೊಪ್ಪದ ಹತ್ತಿರ ನಮಗೆ ನಾಲ್ಕು ಎಕರೆ ರೋಬಸ್ಟಾ ತೋಟ. 2016ರ ಜನವರಿ, ಕಾಫಿ ಕೊಯ್ಲಿನ ಸಮಯ. ನನ್ನ ಹೆಂಡತಿಗೆ ಕಣದಿಂದ ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಾಲು ಊದಿತ್ತು. ಕ್ರಿಯಾಟಿನಿನ್ 5.8. ಮೈಸೂರಿನ ಒಬ್ಬರು ಕಿಡ್ನಿ ಡಾಕ್ಟರಿಗೆ, ಅಂದರೆ ನೆಫ್ರಾಲಜಿಸ್ಟ್‌ಗೆ ಬರೆದುಕೊಟ್ಟ ಚೀಟಿ ನನ್ನ ಜೇಬಿನಲ್ಲೇ ಇತ್ತು. ನಾನು ಹೋಗಲಿಲ್ಲ. ಕೊಯ್ಲು ಮುಗಿಯಲಿ, ಆಳು ಸಿಕ್ಕಿರುವಾಗ ಬಿಟ್ಟು ಹೋಗುವುದು ಹೇಗೆ ಅಂದುಕೊಂಡೆ. ಹೇಗಿದ್ದರೂ ನಾನೇ ಕಿಡ್ನಿ ಕೊಡುತ್ತೇನೆ, ಇಬ್ಬರದೂ ಬಿ ಪಾಸಿಟಿವ್, ಇನ್ನು ಬೇಕಾಗಿರುವುದು ಒಳ್ಳೆಯ ಸರ್ಜನ್ ಮಾತ್ರ ಅಂತ ನನ್ನ ಲೆಕ್ಕ. ರಾತ್ರಿ ಕೂತು ಬೆಂಗಳೂರು, ಕೊಯಮತ್ತೂರು, ಕೊಚ್ಚಿ ಅಂತ ಸರ್ಜನ್‌ಗಳ ಹೆಸರು ಬರೆದುಕೊಳ್ಳುತ್ತಿದ್ದೆ. ಒಂಬತ್ತು ಹೆಸರಾಗಿತ್ತು.

ಫೆಬ್ರವರಿಯಲ್ಲಿ ಅವಳ ಹಿಮೋಗ್ಲೋಬಿನ್ 6.9 ಆಯಿತು. ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ ರಕ್ತ ಹಾಕೋಣ ಅಂದರು. ನಾನು ಏನು ಹೇಳಿದೆ ಗೊತ್ತಾ? ಯಾರದ್ದೋ ರಕ್ತ ಬೇಡ, ನನ್ನದೇ ತೆಗೆದು ಅವಳಿಗೆ ಹಾಕಿ ಅಂದೆ. ಹಟ ಹಿಡಿದೆ. ಒಂದು ಬಾಟಲಿ ನನ್ನದು, ಇನ್ನೊಂದು ನನ್ನ ತಮ್ಮನದು. ಎರಡು ದಿನದಲ್ಲಿ ಅವಳ ಮುಖಕ್ಕೆ ಬಣ್ಣ ಬಂತು. ನನಗೆ ಅದಕ್ಕಿಂತ ದೊಡ್ಡ ಖುಷಿ ಇರಲಿಲ್ಲ.

ಜೂನ್ ತಿಂಗಳಲ್ಲಿ ಕೊನೆಗೂ ನೆಫ್ರಾಲಜಿಸ್ಟ್ ಮುಂದೆ ಕೂತೆವು. ನನ್ನ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದವು. ಕಡೆಯದು ಕ್ರಾಸ್‌ಮ್ಯಾಚ್. ಅದು ಪಾಸಿಟಿವ್ ಬಂತು. ಪಾಸಿಟಿವ್ ಅಂದರೆ ಒಳ್ಳೆಯದು ಅಂತ ನಾನು ನಕ್ಕೆ. ಡಾಕ್ಟರು ನಗಲಿಲ್ಲ. "ಈ ಕಿಡ್ನಿ ಇವರಿಗೆ ಹಾಕೋ ಹಾಗಿಲ್ಲ. ಇವರಿಗೆ ಯಾವಾಗಾದರೂ ರಕ್ತ ಹಾಕಿಸಿದ್ರಾ?" ಅಂತ ಕೇಳಿದರು. ನಾನು ಹೇಳಿದೆ. "ಯಾರ ರಕ್ತ?" ಅಂದರು. ಅದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಇದನ್ನು ನಾನು ಪೂರ್ತಿ ಬಿಡಿಸಿ ಹೇಳಲೇಬೇಕು. ರಕ್ತದ ಗುಂಪು ಒಂದೇ ಆದರೆ ಸಾಲದು. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅನ್ನುವ ಗುರುತುಗಳಿರುತ್ತವೆ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ತನ್ನದಲ್ಲದ ಗುರುತು ಕಂಡರೆ ದೇಹ ಅದರ ವಿರುದ್ಧ ಹೋರಾಡುವ ಪ್ರೋಟೀನ್, ಅಂದರೆ ಆಂಟಿಬಾಡಿ ಮಾಡಬಹುದು. ಈಗ ಯೋಚಿಸಿ. ನನ್ನ ಹೆಂಡತಿ ಎರಡು ಮಕ್ಕಳನ್ನು ಹೆತ್ತಿದ್ದಾಳೆ. ಆ ಮಕ್ಕಳಲ್ಲಿ ಅರ್ಧ ಗುರುತು ನನ್ನದು. ಹಾಗಾಗಿ ಬಸಿರಿನಲ್ಲೇ ಅವಳ ದೇಹಕ್ಕೆ ನನ್ನ ಗುರುತಿನ ಪರಿಚಯ ಆಗಿತ್ತು. ಅದು ಕೆಂಡದ ಮೇಲೆ ಬೂದಿ ಮುಚ್ಚಿದ ಹಾಗೆ ಸುಮ್ಮನಿದ್ದಿರಬಹುದು. ರಕ್ತದ ಬಾಟಲಿಯಲ್ಲಿ ಕೆಂಪು ಕಣ ಮಾತ್ರ ಇರುವುದಿಲ್ಲ, ಬಿಳಿ ಕಣಗಳೂ ಇರುತ್ತವೆ, ಅವುಗಳ ಮೇಲೆ ಈ ಗುರುತು ತುಂಬಿರುತ್ತದೆ. ನಾನು ನನ್ನದೇ ರಕ್ತವನ್ನು, ಅದು ಸಾಲದು ಅಂತ ನನ್ನ ತಮ್ಮನ ರಕ್ತವನ್ನೂ ಆ ಕೆಂಡದ ಮೇಲೆ ಸುರಿದೆ. ನನ್ನ ಕಿಡ್ನಿಯನ್ನು ಹೇಗೆ ಕೊಲ್ಲಬೇಕು ಅಂತ ಅವಳ ದೇಹಕ್ಕೆ ನಾನೇ ಕಲಿಸಿಕೊಟ್ಟೆ.

ಎರಡು ಹೆರಿಗೆಯಿಂದಲೇ ಹೀಗಾಗಿರಬಹುದು, ರಕ್ತ ಒಂದೇ ಕಾರಣ ಅನ್ನಲು ಆಗುವುದಿಲ್ಲ ಅಂತ ಡಾಕ್ಟರು ಸಮಾಧಾನ ಹೇಳಿದರು. ಆದರೆ ಜನವರಿಯಲ್ಲೇ ಬಂದಿದ್ದರೆ ಕಬ್ಬಿಣದ ಅಂಶ ಮತ್ತು ಎರಿತ್ರೋಪೊಯೆಟಿನ್ ಇಂಜೆಕ್ಷನ್ ಶುರು ಮಾಡುತ್ತಿದ್ದೆ ಅಂತಲೂ ಹೇಳಿದರು. ರಕ್ತ ಹುಟ್ಟಲು ಬೇಕಾದ ಆ ಹಾರ್ಮೋನನ್ನು ಮಾಡುವುದೇ ಕಿಡ್ನಿ. ಕಿಡ್ನಿ ಸೋತಾಗ ರಕ್ತ ಕಡಿಮೆಯಾಗುವುದು ಅದಕ್ಕೇ. ಚೀಟಿ ನನ್ನ ಜೇಬಿನಲ್ಲಿತ್ತು. ಮೈಸೂರಿಗೆ ಮೂರು ಗಂಟೆಯ ದಾರಿ.

ಆ ಕ್ರಾಸ್‌ಮ್ಯಾಚ್ ಅಂದರೇನು ಅಂತ ಆಮೇಲೆ ಓದಿದೆ. ಕೊಡುವವರ ಬಿಳಿ ಕಣಕ್ಕೆ ತೆಗೆದುಕೊಳ್ಳುವವರ ಸೀರಮ್ (ರಕ್ತದ ತಿಳಿ ಭಾಗ) ಸೇರಿಸಿ ನೋಡುತ್ತಾರೆ. ಕಣ ಸತ್ತರೆ ಆಂಟಿಬಾಡಿ ಇದೆ ಅಂತ ಅರ್ಥ. ಒಂದೊಂದು ಹನಿಗಿಂತ ಕಡಿಮೆ ಸೀರಮ್‌ನಲ್ಲಿ ಇದನ್ನು ಮಾಡುವ ವಿಧಾನವನ್ನು 1964ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ತೆರಸಾಕಿ. ಜಪಾನಿ ಮೂಲದವರು, ಎರಡನೇ ಮಹಾಯುದ್ಧದಲ್ಲಿ ಹುಡುಗನಾಗಿದ್ದಾಗ ಮನೆಯವರ ಜೊತೆ ಶಿಬಿರದಲ್ಲಿ ಬಂಧನದಲ್ಲಿದ್ದವರು. ಅವರು ಕತ್ತಿ ಹಿಡಿದ ಸರ್ಜನ್ ಅಲ್ಲ, ಲ್ಯಾಬಿನವರು. 1969ರಲ್ಲಿ ಪಟೇಲ್ ಅನ್ನುವವರ ಜೊತೆ 225 ಕಸಿಗಳ ಲೆಕ್ಕ ಕೊಟ್ಟರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕಿಡ್ನಿ ಕೂಡಲೇ ಕೆಟ್ಟವು. ನೆಗೆಟಿವ್ ಇದ್ದ 195ರಲ್ಲಿ ಹಾಗಾಗಿದ್ದು 8 ಮಾತ್ರ. ಆ 24 ಕಿಡ್ನಿಗಳನ್ನು ಎಷ್ಟೇ ನುರಿತ ಕೈ ಹೊಲಿದಿದ್ದರೂ ಉಳಿಸಲು ಆಗುತ್ತಿರಲಿಲ್ಲ. ನನ್ನ ಒಂಬತ್ತು ಹೆಸರಿನ ಪಟ್ಟಿಯನ್ನು ನಾನು ಹರಿದದ್ದು ಇದನ್ನು ಓದಿದ ದಿನ.

ಅದಕ್ಕೇ ಹೇಳುತ್ತಿದ್ದೇನೆ, ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. 1954ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮೊದಲ ಬಾರಿ ಕಿಡ್ನಿ ಕಸಿಯಲ್ಲಿ ಗೆದ್ದರು. ಅವರಿಗೆ 1990ರಲ್ಲಿ ನೊಬೆಲ್ ಬಂತು. ಹೊಲಿಯುವ ಕೆಲಸ ಅವತ್ತೇ ಸಾಧ್ಯ ಅಂತ ಗೊತ್ತಾಯಿತು. ಆದರೆ ಅದು ಗೆದ್ದದ್ದು ಕೊಟ್ಟವನೂ ಪಡೆದವನೂ ಒಂದೇ ರೂಪದ ಅವಳಿಗಳಾಗಿದ್ದರಿಂದ. ಅವಳಿ ಇಲ್ಲದ ನಮ್ಮಂಥವರಿಗೆ ದಾರಿ ಮಾಡಿಕೊಟ್ಟವರು ಬೇರೆ. ಬೇರೆಯವರ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ತಡೆಯುವ ಅಜಥಯೊಪ್ರಿನ್ ಮಾತ್ರೆ ಕೊಟ್ಟ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್, ಲ್ಯಾಬಿನಲ್ಲಿ ಕೂತ ತೆರಸಾಕಿಯಂಥವರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಕಸಿ ಆದಾಗಲೂ ಸರ್ಜನ್ ಜೊತೆ ನೆಫ್ರಾಲಜಿಸ್ಟ್ ಇದ್ದರು. ಆಪರೇಷನ್ ಕೆಲವು ಗಂಟೆ. ಆಮೇಲೆ ನಿಮ್ಮ ಹೆಂಡತಿಯ ಜೀವ ಇರುವುದು ನೆಫ್ರಾಲಜಿಸ್ಟ್ ಕೈಯಲ್ಲಿ, ವರ್ಷಗಟ್ಟಲೆ. ಮೊದಲು ಅವರನ್ನು ಹಿಡಿಯಿರಿ. ಸರ್ಜನ್ ಯಾರು ಅಂತ ಅವರೇ ಹೇಳುತ್ತಾರೆ.

ನಮ್ಮ ಕಥೆಗೆ ಬರುತ್ತೇನೆ. ಮಡಿಕೇರಿಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಆಂಟಿಬಾಡಿ ತೆಗೆಯುವ ಚಿಕಿತ್ಸೆ ಇದೆ ಅಂದರು, ಲಕ್ಷಗಟ್ಟಲೆ ಖರ್ಚು, ಆದರೂ ಖಾತ್ರಿ ಇಲ್ಲ. ಇನ್ನೊಂದು ಜೋಡಿಯ ಜೊತೆ ಕಿಡ್ನಿ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯಿಂದ ಕಾನೂನಿನಲ್ಲಿ ಅವಕಾಶ ಇದೆ. ಆಸ್ಪತ್ರೆ ಮೂಲಕ, ತೀರಿಕೊಂಡವರ ಅಂಗಗಳನ್ನು ಹಂಚುವ ರಾಜ್ಯದ ಜೀವಸಾರ್ಥಕತೆಯ ಪಟ್ಟಿಗೂ ಹೆಸರು ಸೇರಿಸಿದೆವು. ಅಷ್ಟರಲ್ಲಿ ನನ್ನ ಭಾವಮೈದ, ಅವಳ ತಮ್ಮ, ಕುಶಾಲನಗರದಿಂದ ಬಂದು "ಭಾವ, ನನ್ನದು ನೋಡಿಸಿ" ಅಂದ. ಒಡಹುಟ್ಟಿದವರ ಗುರುತು ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಪಾಲು. ಅವನದು ಅರ್ಧ ಹೊಂದಿತು. ಕ್ರಾಸ್‌ಮ್ಯಾಚ್ ನೆಗೆಟಿವ್. ಆ ಕಾಗದ ಕೈಗೆ ಬಂದಾಗ ಅವನ ಹೆಂಡತಿ ಒಂದು ಕಡೆ ಅಳುತ್ತಿದ್ದಳು, ನನ್ನ ಹೆಂಡತಿ ಇನ್ನೊಂದು ಕಡೆ. ನಾನು ಕೊಡಬೇಕಾಗಿದ್ದದ್ದನ್ನು ಎರಡು ಸಣ್ಣ ಮಕ್ಕಳ ತಂದೆ ಕೊಟ್ಟ. ಅದು ನನಗೆ ಇವತ್ತಿಗೂ ನೋಯುತ್ತದೆ.

2017ರ ಮಾರ್ಚ್‌ನಲ್ಲಿ, ಹೂಮಳೆ ಬಿದ್ದ ವಾರ, ಕಸಿ ಆಯಿತು. ಹಳೆಯ ಕಿಡ್ನಿಗಳನ್ನು ತೆಗೆಯಲಿಲ್ಲ, ಹೊಸದನ್ನು ಹೊಟ್ಟೆಯ ಕೆಳಗೆ ಬಲಕ್ಕೆ ಕೂರಿಸಿದರು. ಆ ಸರ್ಜನ್‌ರನ್ನು ಆಮೇಲೆ ನಾವು ಎರಡೇ ಸಲ ನೋಡಿದ್ದು. ನೆಫ್ರಾಲಜಿಸ್ಟ್‌ರನ್ನು ಎಷ್ಟು ಸಲ ನೋಡಿದ್ದೇವೆ ಅಂತ ಲೆಕ್ಕವಿಲ್ಲ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯ ಮಟ್ಟ ನೋಡಲು ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು, ನುಂಗಿ ಹೋದರೆ ಆ ರಿಪೋರ್ಟ್ ಪ್ರಯೋಜನಕ್ಕಿಲ್ಲ. ಆ ಔಷಧಿ 1984ರಲ್ಲಿ ಜಪಾನಿನ ತ್ಸುಕುಬಾ ಹತ್ತಿರದ ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ ಸಿಕ್ಕಿದ್ದಂತೆ. ನಮ್ಮ ಅಂಗಳದಲ್ಲಿ ಚಕ್ಕೋತದ ಮರ ಇದೆ. ಚಕ್ಕೋತ ತಿಂದರೆ ಈ ಔಷಧಿಯ ಮಟ್ಟ ರಕ್ತದಲ್ಲಿ ಏರಬಹುದು ಅಂತ ಅದನ್ನು ಬಿಡಿಸಿದರು. ಇಂಥದ್ದನ್ನೆಲ್ಲ ಹೇಳಿದವರು ನೆಫ್ರಾಲಜಿಸ್ಟ್ ಮತ್ತು ಕಸಿ ಕೋಆರ್ಡಿನೇಟರ್.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಯಲ್ಲಿ ಮೂರು ದಿನದ ಮಾತ್ರೆ ಮಾತ್ರ ಇತ್ತು. ಕರೆಂಟಿಲ್ಲ, ಫೋನಿಲ್ಲ. ಒಂದು ಹೊತ್ತು ತಪ್ಪಿಸುವ ಹಾಗಿಲ್ಲ. ಕೊನೆಗೆ ಸಿಗ್ನಲ್ ಸಿಕ್ಕ ಕಡೆ ನಿಂತು ಕೋಆರ್ಡಿನೇಟರ್ ಮೇಡಂಗೆ ಫೋನ್ ಮಾಡಿದೆ. ಮೈಸೂರಿನಿಂದ ಹೊರಟ ಒಂದು ಗಾಡಿಯಲ್ಲಿ ಅವರು ಮಾತ್ರೆ ಕಳಿಸಿದರು. ಅವತ್ತಿನಿಂದ ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ಮಾತ್ರೆ ತಂದಿಡುತ್ತೇವೆ.

ನಿಮಗೆ ಹೇಳುವುದು ಇಷ್ಟು. ರಕ್ತಸ್ರಾವ ಆಗುತ್ತಿದ್ದರೆ, ಉಸಿರು ನಿಲ್ಲುವ ಹಾಗಿದ್ದರೆ, ಜೀವ ಮೊದಲು, ಹಾಕಿಸಿ. ಹಾಗಿಲ್ಲದಿದ್ದರೆ ನಾಳೆಯೇ ಮೈಸೂರಿಗೋ ಮಂಗಳೂರಿಗೋ ಹೋಗಿ ನೆಫ್ರಾಲಜಿಸ್ಟ್‌ರನ್ನು ನೋಡಿ. ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ರಕ್ತ ಹಾಕಲೇಬೇಕು ಅಂದರೆ ಬಿಳಿ ಕಣ ಸೋಸಿ ತೆಗೆದ ರಕ್ತ ಕೇಳಿ. ನಿಮ್ಮದಂತೂ ಬೇಡ, ನಿಮ್ಮ ಅಣ್ಣತಮ್ಮಂದಿರದ್ದೂ ಬೇಡ, ನಿಮ್ಮ ಹೆಂಡತಿಯ ತವರಿನವರದ್ದೂ ಬೇಡ. ಹೆಂಡತಿಯ ಎಡಗೈಗೆ ಸೂಜಿ ಚುಚ್ಚಲು ಬಿಡಬೇಡಿ, ಮುಂದೆ ಫಿಸ್ಟುಲಾಗೆ (ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸುವುದಕ್ಕೆ) ಆ ರಕ್ತನಾಳ ಬೇಕಾಗುತ್ತದೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಎಷ್ಟು ಹೆರಿಗೆ, ಗರ್ಭಪಾತ ಆಗಿದ್ದರೆ ಎಷ್ಟು, ಹೆರಿಗೆ ಸಮಯದಲ್ಲಿ ರಕ್ತ ಹಾಕಿದ್ದರಾ, ಯಾವ ವರ್ಷ, ಯಾರ ರಕ್ತ. ಡಾಕ್ಟರು ಕೇಳುವ ಮುಂಚೆ ನೀವೇ ಆ ಹಾಳೆ ಮುಂದಿಡಿ.