ಗುತ್ತಿಗೆ ಕಾರ್ಮಿಕರೂ ಭವಿಷ್ಯ ನಿಧಿಯ ಎಣಿಕೆಗೆ ಸೇರುತ್ತಾರೆಯೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಹಾಜರಿ ಪುಸ್ತಕದಲ್ಲಿ 16 ಕಾರ್ಮಿಕರಿದ್ದಾರೆ. ಎರಕದ ತುಣುಕುಗಳನ್ನು ಉಜ್ಜಿ ಹದಗೊಳಿಸಲು ಗುತ್ತಿಗೆದಾರರೊಬ್ಬರು ಇನ್ನೂ 7 ಮಂದಿಯನ್ನು ಕಳುಹಿಸುತ್ತಾರೆ. ನಾವು ಭವಿಷ್ಯ ನಿಧಿಗೆ ನೋಂದಾಯಿಸಿಕೊಳ್ಳಬೇಕೇ?
– ಒಬ್ಬ ಉದ್ಯಮಿ, ಬೆಳಗಾವಿ

ಉತ್ತರ: ಖಂಡಿತವಾಗಿ ನೋಂದಾಯಿಸಿಕೊಳ್ಳಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಈ ಕೇಂದ್ರ ಕಾನೂನು ಅನ್ವಯಿಸುತ್ತದೆ. ಗುತ್ತಿಗೆದಾರರ ಮೂಲಕ ಬಂದವರೂ ಆ ಎಣಿಕೆಗೆ ಸೇರುವುದರಿಂದ ನಿಮ್ಮಲ್ಲಿ 23 ಜನರಾದರು. ಉಜ್ಜುವ ಕೆಲಸದ ದೂಳು ಕುಡಿಯುವ ಆ ಏಳು ಮಂದಿಯೇ ಹೆಚ್ಚಾಗಿ ಲೆಕ್ಕದಿಂದ ಹೊರಗುಳಿಯುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಗುತ್ತಿಗೆದಾರರು ಅವರ ವಂತಿಗೆಯನ್ನು ಕಟ್ಟದಿದ್ದರೆ ಹೊಣೆ ಮುಖ್ಯ ಉದ್ಯೋಗದಾತರಾದ ನಿಮ್ಮ ಮೇಲೆಯೇ ಬರುತ್ತದೆ. ಆದ್ದರಿಂದ ಪ್ರತಿ ತಿಂಗಳು ಬಿಲ್ ಪಾವತಿಸುವ ಮೊದಲು, ಒಬ್ಬೊಬ್ಬ ಕಾರ್ಮಿಕರ ಹೆಸರಿರುವ ಪಟ್ಟಿಯನ್ನೂ ಹಣ ಕಟ್ಟಿದ ಚಲನ್ ಪ್ರತಿಯನ್ನೂ ಕೇಳಿ ಪಡೆಯಿರಿ.

ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಸಾಮಾನ್ಯವಾಗಿ ಕಾರ್ಮಿಕರ ಪಾಲು ಶೇ. 12, ನಿಮ್ಮ ಪಾಲೂ ಶೇ. 12. ಎರಡನ್ನೂ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ನಿಮ್ಮ ಪಾಲನ್ನು ಅವರ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಅವರಿಂದ ಕಡಿತ ಮಾಡಿದ ಹಣವನ್ನು ಕಟ್ಟದೆ ಉಳಿಸಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧವಾಗುತ್ತದೆ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮತ್ತು ಗ್ರ್ಯಾಚುಟಿಗೆ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಉಪಧನ) 10 ಜನರಿದ್ದರೆ ಸಾಕು. ಅವೂ ನಿಮಗೆ ಅನ್ವಯಿಸುತ್ತವೆ. ಗುತ್ತಿಗೆಯವರೂ ಸೇರಿ ಕಾರ್ಮಿಕರ ಸಂಖ್ಯೆ 20 ತಲುಪಿದ ದಿನಾಂಕವನ್ನು ಹಳೆಯ ಹಾಜರಿ ಪುಸ್ತಕಗಳಿಂದ ಗುರುತಿಸಿ, ಅಂದಿನಿಂದ ಇರುವ ಭವಿಷ್ಯ ನಿಧಿಯ ಬಾಕಿಯನ್ನು ಬಡ್ಡಿಸಹಿತ ಕಟ್ಟಲು ಈಗಲೇ ಸಿದ್ಧತೆ ಮಾಡಿಕೊಳ್ಳಿ.