ಮುಟ್ಟು ನಿಂತ ಮೇಲೆ ಮೂಳೆ ಸವೆಯದಂತೆ ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಕೇ?

ನಿಮಗೆ 52 ವರ್ಷ, ಮುಟ್ಟು ನಿಂತು ಎರಡು ವರ್ಷವಾಗಿದೆ, ತಾಯಿಯವರಿಗೆ ಸೊಂಟದ ಮೂಳೆ ಮುರಿದಿತ್ತು, ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಾನು ವೈದ್ಯೆಯಲ್ಲ, ಇದನ್ನು ಕೈ ಮುರಿದುಕೊಂಡು ಕಲಿತವಳು: 56ನೇ ವಯಸ್ಸಿನಲ್ಲಿ ಒಂದು ಮುಂಜಾನೆ, ಆಗಷ್ಟೇ ನೀರು ಹಾಕಿದ್ದ ಅಂಗಳದಲ್ಲಿ ಜಾರಿ ಕೈಯೂರಿ ಬಿದ್ದಾಗ, ರಂಗೋಲಿ ಡಬ್ಬಿಗೆ ಏನೂ ಆಗಲಿಲ್ಲ, ನನ್ನ ಮಣಿಕಟ್ಟು ಮುರಿಯಿತು.

ಮುದ್ದೆ ಉಂಡು ಬೆಳೆದವಳಿಗೆ ಮೂಳೆಯ ಚಿಂತೆಯೇ ಎಂದು ಅಲ್ಲಿಯವರೆಗೂ ಬೀಗುತ್ತಿದ್ದೆ. ಲೆಕ್ಕ ಹಾಕಿದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ; ನಮ್ಮಂಥವರಿಗೆ ದಿನಕ್ಕೆ 1200 ಬೇಕು. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಸೇರಿದರೂ ಕಡಿಮೆ ಬೀಳುವಷ್ಟಕ್ಕೆ ಮಾತ್ರೆಯೇ ಹೊರತು, ಊಟದ ಬದಲಿಗಲ್ಲ. ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ: ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ವರ್ಷಗಟ್ಟಲೆ ಒಂದೇ ಲೋಟ ನೀರಿನಲ್ಲಿ ನುಂಗಿದ್ದೆ. ಎರಡರ ನಡುವೆ ನಾಲ್ಕು ಗಂಟೆ ಅಂತರವಿಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮೂಳೆ ನಿತ್ಯವೂ ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಿರುತ್ತದೆ. ಕರಗುವುದಕ್ಕೆ ಕಡಿವಾಣ ಹಾಕುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಮುಟ್ಟು ನಿಂತಾಗ ಇಳಿದುಹೋದ ಮೊದಲ ಕೆಲವು ವರ್ಷಗಳಲ್ಲೇ ಸವೆತ ಅತಿ ವೇಗವಾಗಿರುವುದರಿಂದ, ನೀವು ಈಗಲೇ ವೈದ್ಯರಿಗೆ ತಾಯಿಯವರ ವಿಷಯ ತಿಳಿಸಿ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಕೇಳುವುದು ಒಳ್ಳೆಯದು. ಸ್ಕ್ಯಾನಿನ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ಸುಲಭವಾಗಿ ಮುರಿಯುವ ಸ್ಥಿತಿ) ಎನ್ನುತ್ತಾರೆ. ನನ್ನದು ಮೈನಸ್ 2.7 ಬಂದಿತ್ತು. ಮೂಳೆ ಕರಗುವುದನ್ನು ತಗ್ಗಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಕೊಟ್ಟರು. ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅನ್ನನಾಳಕ್ಕೆ ಹುಣ್ಣಾಗದಂತೆ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಕಾಯಬೇಕು. ಭಾನುವಾರ ಕಾಫಿಯಿಲ್ಲದ ಆ ಅರ್ಧ ಗಂಟೆಗೆ ನಾನಿನ್ನೂ ಒಗ್ಗಿಲ್ಲ.

ವಾಕಿಂಗ್ ಒಳ್ಳೆಯದೇ, ಆದರೆ ಮೂಳೆಗೆ ಭಾರ ಬೀಳಬೇಕು: ಮೆಟ್ಟಿಲು ಹತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಸಣ್ಣ ತೂಕ ಎತ್ತುವುದು. ಈಗಾಗಲೇ ಮೂಳೆ ತೆಳುವಾಗಿದ್ದರೆ ಮುಂದಕ್ಕೆ ಬಗ್ಗುವ, ಬೆನ್ನು ತಿರುಚುವ ಆಸನಗಳನ್ನು ಕೇಳದೆ ಮಾಡಬಾರದು. ಸ್ಕ್ಯಾನಿಗೆ ಸಮಯ ಹಿಡಿಯಬಹುದು. ಬಚ್ಚಲಿನಲ್ಲಿ ಗೋಡೆಗೊಂದು ಹಿಡಿಕೆ ಹಾಕಿಸುವುದಕ್ಕೆ ಮಾತ್ರ ವರದಿ ಬರುವವರೆಗೆ ಕಾಯಬೇಡಿ.