ಕಾರ್ಪೆಟ್ ಮುಗ್ಗಲು ವಾಸನೆ ಬರುತ್ತಿದೆ, ತೊಳೆದುಬಿಡಲಾ?

ಪ್ರಶ್ನೆ: ಅಕ್ಕಾ, ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಹಾಲ್‌ನಲ್ಲಿ ಕಾಶ್ಮೀರದಿಂದ ತಂದ ಉಣ್ಣೆ ಕಾರ್ಪೆಟ್ ಇದೆ. ಮಳೆ ಹಿಡಿದರೆ ಮುಗ್ಗಲು ವಾಸನೆ. ಈ ಸಲ ದಿವಾನ್ ಕೆಳಗೆ ಎಳೆ ಉದುರಿ ಬೋಳಾಗಿದೆ. ಸೋಪಿನ ಪುಡಿ ಹಾಕಿ ತೊಳೆದುಬಿಡಲಾ?

ಉತ್ತರ: ದಯವಿಟ್ಟು ಬೇಡ. ಬಟ್ಟೆ ಒಗೆಯುವ ಪುಡಿಯಲ್ಲಿ ಕ್ಷಾರ ಜಾಸ್ತಿ, ಉಣ್ಣೆ ಒರಟಾಗುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಅದಿರಲಿ, ಜುಲೈನಲ್ಲಿ ತೊಳೆದು ಒಣಗಿಸುವುದೆಲ್ಲಿ? ಒದ್ದೆ ನಿಂತರೆ ಒಳಗಿನ ಹತ್ತಿ ನೂಲು ಕೊಳೆಯುತ್ತದೆ.

ವಾಸನೆಗೆ ಕಾರಣ ತೇವ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಗಾಳಿಯಿಂದ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ರೆಡ್ ಆಕ್ಸೈಡ್ ನೆಲ ಬೆವರುತ್ತದೆ, ಅಲ್ವಾ? ಆ ನೀರೆಲ್ಲ ಕಾರ್ಪೆಟ್ಟಿನ ಬೆನ್ನಿಗೆ.

ಬೋಳಾಗಿರುವುದು ನುಸಿಯ ಕೆಲಸ ಇರಬೇಕು. ಟಾರ್ಚ್ ಹಿಡಿದು, ಬೋಳು ಜಾಗದ ಅಂಚಿನ ಎಳೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ. ಅಕ್ಕಿನುಚ್ಚಿನಂಥ ಬಿಳಿ ಹುಳ, ಇಲ್ಲವೇ ತೆಳ್ಳನೆಯ ಬಲೆ ಕಾಣಬಹುದು. ಜೊತೆಗೆ ಕಾರ್ಪೆಟ್ಟಿನ ಬಣ್ಣದ್ದೇ ಸಣ್ಣ ಸಣ್ಣ ಕಾಳು. ಅದು ಹುಳದ ಹಿಕ್ಕೆ. ಕೆಂಪು ಉಣ್ಣೆ ತಿಂದರೆ ಹಿಕ್ಕೆಯೂ ಕೆಂಪು! ನುಸಿ ಅಂದರೆ ಸಣ್ಣ ಚಿಟ್ಟೆ; ಹಾರಾಡುವ ಆ ಚಿಟ್ಟೆ ಉಣ್ಣೆ ತಿನ್ನುವುದಿಲ್ಲ, ತಿನ್ನುವುದೆಲ್ಲ ಅದರ ಮರಿಹುಳ. ಕತ್ತಲೆ ಇರುವ, ಯಾರೂ ಅಲುಗಾಡಿಸದ ಜಾಗ ಅದಕ್ಕೆ ಬೇಕು. ದಿವಾನ್ ಕೆಳಗೆ ಎರಡೂ ಸಿಕ್ಕಿವೆ.

ಈಗಲೇ ಕಾರ್ಪೆಟ್ಟನ್ನು ಜಗಲಿಗೆ ತನ್ನಿ. ಎರಡೂ ಬದಿಗೆ ವ್ಯಾಕ್ಯೂಮ್ ಹೊಡೆಯಿರಿ. ತಿರುಗುವ ಬ್ರಷ್ ಹಾಕಬೇಡಿ, ತುದಿಯ ಕುಚ್ಚಿನ ಮೇಲೆ ಓಡಿಸಬೇಡಿ. ದಿವಾನ್ ಸಂದಿಯನ್ನೂ ಬಿಡಬೇಡಿ. ಕಸವನ್ನು ಮನೆಯಿಂದ ದೂರ ಚೆಲ್ಲಿ.

ಆಮೇಲೆ ನನ್ನ ಒಂದು ಮಾತು ನಡೆಸಿಕೊಡಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೆಲದ ಮೇಲೆ ಹಾಸಲೇಬೇಡಿ. ನೆಂಟರು ಬಂದರೆ ಚಾಪೆ ಸಾಕು. ಚೆನ್ನಾಗಿ ಒಣಗಿದ ಕಾರ್ಪೆಟ್ಟನ್ನು ಮಡಚದೆ, ದಪ್ಪ ಪೈಪಿಗೆ ಸುತ್ತಿ. ಮೇಲೆ ಹಳೆ ಹತ್ತಿ ಪಂಚೆ ಹೊದಿಸಿ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಅಡುಗೆ ಹೊಗೆ ತಾಗದ ಅಟ್ಟದಲ್ಲಿಟ್ಟು, ಹೊಳವಾದ ದಿನ ಬಿಚ್ಚಿ ಗಾಳಿಗೆ ಹಾಕಿ. ಬೇವಿನ ಸೊಪ್ಪು ಇಟ್ಟರೆ ಹುಳ ಸಾಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಮಕ್ಕಳು ಆಡುವ ಹಾಲ್‌ನಲ್ಲಿ ನುಸಿಗುಳಿಗೆ ಬೇಡವೇ ಬೇಡ.

ಕಾಫಿ ಒಣಗಿಸುವ ಕಣ ಮಾರ್ಚ್ ಹೊತ್ತಿಗೆ ಖಾಲಿಯಾಗುತ್ತದಲ್ಲ, ಆಗ ಗುಡಿಸಿ ಅಲ್ಲೇ ಹಾಸಿ. ಬೆನ್ನು ಮೇಲಿರಲಿ, ಬಣ್ಣ ಮಾಸುವುದಿಲ್ಲ. ಬಿಸಿಲಿಗೆ ಕಾದ ಮೇಲೆ ಬಡಿದು ಒಳಗಿನ ಮಣ್ಣು ಉದುರಿಸಿ.

ಪ್ರಶ್ನೆ: ಹೊಸ ಉಣ್ಣೆ ಕಾರ್ಪೆಟ್ ಮೇಲೆ ಕಾಫಿ ಚೆಲ್ಲಿದೆ. ಬಿಸಿನೀರಲ್ಲಿ ಉಜ್ಜಬಹುದಾ? (ಹಾಸನದಿಂದ ಓದುಗರೊಬ್ಬರು)

ಉತ್ತರ: ಬಿಸಿನೀರಿಗೆ ಹಾಲಿನ ಅಂಶ ಕಚ್ಚಿಕೊಳ್ಳುತ್ತದೆ, ಉಜ್ಜಿದರೆ ಎಳೆ ಜುಂಗು ಏಳುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಿರಿ, ಅಂಚಿನಿಂದ ನಡುವಿಗೆ. ಆಮೇಲೆ ತಣ್ಣೀರು ಸ್ವಲ್ಪವೇ. ಕಲೆ ಉಳಿದರೆ ಒಂದು ಲೋಟ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ, ಮೊದಲು ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ ಹಚ್ಚಿ. ಕಾರ್ಪೆಟ್ ತಿರುಗಿಸಿ ನೋಡಿ. ಹಿಂದೆಯೂ ಅದೇ ಚಿತ್ತಾರ ಕಂಡರೆ ಕೈಯಲ್ಲಿ ಗಂಟು ಹಾಕಿದ್ದಿರಬಹುದು. ಹಿಂದೆ ಬಟ್ಟೆ ಅಂಟಿಸಿದ್ದರೆ ನೀರು ಇನ್ನೂ ಕಡಿಮೆ ಸಾಕು, ಅಂಟು ಬಿಡುತ್ತದೆ. ಒದ್ದೆ ಜಾಗವನ್ನು ಎತ್ತಿ ನಿಲ್ಲಿಸಿ ಫ್ಯಾನ್ ಹಾಕಿ. ಆಗಲೂ ಕಲೆ ಹೋಗದಿದ್ದರೆ ಕಾರ್ಪೆಟ್ ತೊಳೆಯುವವರಿಗೆ ಕೊಡಿ. ಹಾಲು ಹಾಕಿದ ಕಾಫಿ ಅಂತ ಮೊದಲೇ ಹೇಳಿ.